ಚೊಚ್ಚಲ ತಪ್ಪುಗಳು

ಅಕ್ಕನನ್ನು ಸಾಕಿದ ರೀತಿಯ ಬಗ್ಗೆ ನಮ್ಮಮ್ಮನಿಗಿರುವ ಪಶ್ಚಾತ್ತಾಪವನ್ನು ತುಪ್ಪದಲ್ಲಿ ಅಳೆಯಬಹುದು. ಅಕ್ಕ ತವರಿಗೆ ಬಂದ ದಿನ ಅವಳ ಹೋಳಿಗೆಯ ಮೇಲೆ ತುಪ್ಪ ಕೆರೆ ಕಟ್ಟಿ ನಿಲ್ಲುತ್ತದೆ. ನನ್ನ ಹೋಳಿಗೆಗೆ ಚಮಚ ತೋರಿಸಿದರೆ ಶಾಸ್ತ್ರ ಮುಗಿಯಿತು.

ಅಮ್ಮನ ತಪ್ಪುಗಳ ಪಟ್ಟಿಯಲ್ಲಿ ಮೊದಲನೆಯದು ರಾಗಿ ಸರಿ. ತೊಂಬತ್ತರ ದಶಕದಲ್ಲಿ ಡಾಕ್ಟರು ಹೇಳಿದರೆಂದು, ಮಗುವಿಗೆ ನಾಲ್ಕು ತಿಂಗಳು ತುಂಬುತ್ತಲೇ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ ಸರಿ ಕಾಸಿ ತಿನ್ನಿಸಿದ್ದಳು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು ಎಂದಿತು. ಅಷ್ಟರಲ್ಲಿ ಅಕ್ಕ ಮಗ್ಗಿ ಒಪ್ಪಿಸುತ್ತಿದ್ದಳು! ಇವತ್ತಿಗೂ ಅವಳಿಗೆ ಹೊಟ್ಟೆ ಉಬ್ಬರಿಸಿದರೆ ಅಮ್ಮ, "ಎಲ್ಲಾ ಆ ರಾಗಿ ಸರಿಯಿಂದಲೇ ಕಣೇ ಪುಟ್ಟಿ" ಎಂದು ನಿಟ್ಟುಸಿರಿಡುತ್ತಾಳೆ. ಹಿಂದಿನ ಸಂಜೆಯ ಗೋಬಿ ಮಂಚೂರಿ ನಿರ್ದೋಷಿಯೆಂದು ಬಿಡುಗಡೆಯಾಗುತ್ತದೆ.

ಎರಡನೆಯದು ಎಡಗೈ. ಅಕ್ಕನ ಬಳಪ ಎಡಗೈಗೆ ಹೋದಾಗಲೆಲ್ಲ ಅಮ್ಮ ಅದನ್ನು ಬಲಗೈಗೆ ದಾಟಿಸುತ್ತಿದ್ದಳು, ನೆಂಟರು ಏನಂದುಕೊಂಡಾರು! ಮುಂದೆ ಟಿವಿಯಲ್ಲಿ ಸೌರವ್ ಗಂಗೂಲಿ ಎಡಗೈಯಲ್ಲಿ ಸಿಕ್ಸರ್ ಎತ್ತಿದಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನನ್ನೂ ಹಾಗೇ ಬಿಟ್ಟಿದ್ದರೆ ಏನೇನಾಗುತ್ತಿದ್ದೆಯೋ" ಎನ್ನತೊಡಗಿದಳು. ಗಂಗೂಲಿ ಹುಟ್ಟಾ ಬಲಗೈಯವರು, ಅಣ್ಣನ ಕಿಟ್ ಬಳಸಲೆಂದು ಎಡಗೈ ಬ್ಯಾಟಿಂಗ್ ಕಲಿತವರು ಎಂದು ಅಕ್ಕ ಬಿಡಿಸಿ ಹೇಳಿದಳು. ಅಮ್ಮನ ದುಃಖ ಇಮ್ಮಡಿಯಾಯಿತು: "ನೋಡು, ಅವರಮ್ಮ ತಡೆಯಲೇ ಇಲ್ಲ!"

ಇನ್ನು ನನ್ನ ವಿಷಯ. ಅಕ್ಕನ ಮೊದಲ ಹಲ್ಲು, ಮೊದಲ ಹೆಜ್ಜೆ ತಾರೀಖು ಸಮೇತ ಡೈರಿಯಲ್ಲಿವೆ. ನನಗೆ ಹಲ್ಲು ಬಂದದ್ದು ಮನೆಯವರಿಗೆ ತಿಳಿದದ್ದೇ ನಾನು ಅಕ್ಕನ ಕೈ ಕಚ್ಚಿದಾಗ. ನೆಲಕ್ಕೆ ಬಿದ್ದ ಮಂಡಕ್ಕಿ ಹೆಕ್ಕಿ ತಿಂದೇ ನಾನು ದೊಡ್ಡವನಾದದ್ದು. ಅದಕ್ಕೆಲ್ಲ ಪಶ್ಚಾತ್ತಾಪ ಇಲ್ಲವೇ ಎಂದು ಕೇಳಿದರೆ, "ನೀನು ಬಿಡಪ್ಪ, ತಾನಾಗೇ ಬೆಳೆದುಬಿಟ್ಟೆ" ಎಂದು ಹೆಮ್ಮೆಪಡುತ್ತಾಳೆ. ಕಣ್ಣಲ್ಲಿ ಕಣ್ಣಿಟ್ಟು ಸಾಕಿದವಳ ಬಗ್ಗೆ ಕೊರಗು, ಸಾಕುವುದನ್ನೇ ಮರೆತವನ ಬಗ್ಗೆ ಹೆಮ್ಮೆ!

ನೋಡಿದಲ್ಲಿ ತಾನೇ ತಪ್ಪು ಕಾಣುವುದು? ನೋಡದೆ ಬಿಟ್ಟಲ್ಲಿ ಏನು ಕಂಡೀತು? ಆದ್ದರಿಂದ ಚೊಚ್ಚಲ ಮಕ್ಕಳಲ್ಲಿ ನನ್ನದೊಂದು ಅರ್ಜಿ: ಅಮ್ಮನ ತಪ್ಪುಗಳನ್ನೆಲ್ಲ ನೀವೇ ಇಟ್ಟುಕೊಳ್ಳಬೇಡಿ. ಒಂದೆರಡನ್ನಾದರೂ ತಮ್ಮ ತಂಗಿಯರ ಹೆಸರಿಗೆ ಖಾತೆ ಮಾಡಿಕೊಡಿ.