ಮೇಲಿನ ಹಲಗೆ, ಕೆಳಗಿನ ಹಲಗೆ

ದೇಸೂರದಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ ಒಂದಿದ್ದರೆ, ‘ನೀವು ಈವರೆಗೆ ಓದಿದ್ದರಾಗ ಎಲ್ಲಾಕ್ಕಿಂತ ಚಲೋ ಪುಸ್ತಕ ಯಾವುದು?’ ಎಂಬುದು. ನಮ್ಮೂರಿನ ಪ್ರಶ್ನೆಗಳೇ ಬೇರೆ. ಈ ಸಲ ಯಾವ ಬೀಜ ಹಾಕೀರಿ, ಪಾಸೆಂಜರ್ ಹೋತೇನು, ಮಗಳಿಗೆ ಕಡೀಕ ಎಲ್ಲಿ ಕೊಟ್ರಿ. ಬೆಳಗಾವಿ ಬಿಟ್ಟ ಗಾಡಿ ಖಾನಾಪುರ ಮುಟ್ಟುವುದರೊಳಗೆ ದೇಸೂರ, ಇದಲಹೊಂಡ ಎಂಬ ಎರಡು ಸಣ್ಣ ಸ್ಟೇಶನ್ನು ಸಿಗುತ್ತವೆ. ಎಕ್ಸ್‌ಪ್ರೆಸ್ಸಿನವರು ನಮ್ಮ ಬೋರ್ಡನ್ನು ಓದುವಷ್ಟರಲ್ಲಿ ಬೋರ್ಡೇ ಹಿಂದೆ ಬಿದ್ದಿರುತ್ತದೆ. ಸಾಹಿತ್ಯದ ಪ್ರಶ್ನೆಗಳೂ ಆ ಗಾಡಿಗಳ ಹಾಗೆಯೇ, ಬೆಂಗಳೂರಿನಲ್ಲಿ ಹೊರಟು ನಮ್ಮಲ್ಲಿ ನಿಲ್ಲದೆ ಮೀರಜಕ್ಕೆ ಹೋಗಿಬಿಡುತ್ತವೆ.

ಈ ಸಲ ಒಂದು ನಿಂತಿತು. ತಂದವಳು ಮೊಮ್ಮಗಳು. ಸಾಲಿಯಲ್ಲಿ ಒಂದು ಹಾಳೆ ಕೊಟ್ಟಿದ್ದರು. ಪುಸ್ತಕದ ಹೆಸರು, ಲೇಖಕರು, ಭಾಷೆ, ಅದೇ ಏಕೆ ಅತ್ಯುತ್ತಮ ಎಂಬುದಕ್ಕೆ ಐದು ಸಾಲು. ಮನೆಯ ಹಿರಿಯರನ್ನು ಕೇಳಿ ತುಂಬಬೇಕು. ಕೆಳಗೆ ದಪ್ಪ ಅಕ್ಷರದಲ್ಲಿ: ಒಂದು ಮನೆಗೆ ಒಂದೇ ಪುಸ್ತಕ.

ಆ ಹಾಳೆ ತಯಾರು ಮಾಡಿದವರು ಬೆಳಗಾವಿ ಜಿಲ್ಲೆಯವರಲ್ಲ ಎಂದು ಮೂರನೆಯ ಖಾನೆಯಲ್ಲೇ ಗೊತ್ತಾಯಿತು. ನಮ್ಮ ಮನೆಗೆ ಬಂದು ‘ಭಾಷೆ’ ಎಂದು ಬರೆದು ಮುಂದೆ ಒಂದೇ ಗೆರೆ ಎಳೆಯುವುದೆಂದರೆ ಏನು! ನಾನು ಕಲಿತದ್ದು ಕನ್ನಡ ಸಾಲಿ, ನನ್ನ ಹೆಂಡತಿ ಕಲಿತದ್ದು ಖಾನಾಪುರದ ಮರಾಠಿ ಶಾಳೆ. ಮನೆಯ ಕಪಾಟಿನಲ್ಲಿ ಮೇಲಿನ ಹಲಗೆ ಕನ್ನಡದ್ದು, ಕೆಳಗಿನದು ಮರಾಠಿಯದು. ಮೇಲಿನದು ನನಗೇಕೆ ಬಂತೆಂದರೆ ನನ್ನ ಕೈ ಎಟಕುತ್ತದೆ. ಇದಕ್ಕೆ ಬೇರೆ ಅರ್ಥ ಹಚ್ಚಬಾರದೆಂದು ಹೇಳುತ್ತಲೇ ಬಂದಿದ್ದೇನೆ, ಹಚ್ಚುತ್ತಲೇ ಬಂದಿದ್ದಾಳೆ. ಗಡಿಯ ತಕರಾರು ತೀರಿಸಲೆಂದು 1966ರಲ್ಲಿ ಮಹಾಜನ ಆಯೋಗ ನೇಮಿಸಿದರು. ಮರುವರ್ಷ ವರದಿ ಬಂದು, ಬೆಳಗಾವಿ ಎಲ್ಲಿದೆಯೋ ಅಲ್ಲೇ ಇರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟು ದೊಡ್ಡ ಮಂದಿಗೆ ಬಗೆಹರಿಯದ್ದನ್ನು ಐದನೆಯ ಇಯತ್ತೆಯ ಹುಡುಗಿಯ ಕೈಯಲ್ಲಿ ಕೊಟ್ಟು ಸೋಮವಾರದೊಳಗೆ ತಾ ಅಂದರೆ?

“ಹೇಳ್ರಿ ಅಜ್ಜಾ, ಲಗೂನ,” ಅಂದಳು.

‘ಮಲೆಗಳಲ್ಲಿ ಮದುಮಗಳು’ ಅಂದೆ. ಇದಕ್ಕೆ ನಾನು ವಿಚಾರ ಮಾಡಬೇಕಾಗಿರಲಿಲ್ಲ. ಯಾರಾದರೂ ಕೇಳಿಯಾರು ಎಂದು ಎಷ್ಟೋ ವರ್ಷಗಳಿಂದ ಈ ಉತ್ತರವನ್ನು ಇಸ್ತ್ರಿ ಮಾಡಿ ಇಟ್ಟಿದ್ದೆ. ಅಡಿಗೆಮನೆಯಿಂದ ಒಂದು ಪಾತ್ರೆ ಅವಶ್ಯಕತೆಗಿಂತ ಜೋರಾಗಿ ಕೆಳಗಿಟ್ಟ ಸಪ್ಪಳ ಬಂತು.

“ಮೃತ್ಯುಂಜಯ ಅಂತ ಬರಿ ಬಾಳಾ,” ಅಂತ ಹೆಂಡತಿ ಒಳಗಿನಿಂದಲೇ ಹೇಳಿದಳು. “ಶಿವಾಜಿ ಸಾವಂತ. ದೀರ್ಘ ಬರೋಬರಿ ಹಾಕು.”

ಎರಡೂ 1967ರ ಪುಸ್ತಕಗಳು. ಮಹಾಜನ ವರದಿಯೂ 1967ರದೇ. ಆ ವರ್ಷ ಕಾಗದದ ಮೇಲೆ ಅಚ್ಚಾದದ್ದೆಲ್ಲ ನಮ್ಮ ಮನೆಯೊಳಗೆ ಜಗಳ ಹಚ್ಚಲೆಂದೇ ಅಚ್ಚಾದಂತಿದೆ. ಕುವೆಂಪು ಅವರಿಗೆ ಜ್ಞಾನಪೀಠ ಸಂದದ್ದೂ 1967ರ ಸಾಲಿಗೇ ಎಂದು ನಾನು ಒಂದು ಮಾತು ಸೇರಿಸಿದೆ. ‘ಅದು ರಾಮಾಯಣ ದರ್ಶನಂಗೆ ಬಂದದ್ದಲ್ಲವೇನು, ಮದುಮಗಳಿಗೆ ಎಲ್ಲಿ ಬಂತು?’ ಎಂದು ಬಾಣ ತಿರುಗಿ ಬಂತು. ಮರಾಠಿ ಶಾಳೆಯಲ್ಲಿ ಇದನ್ನೆಲ್ಲ ಕಲಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಮುಂದೆ ಆಕೆ ತೆಗೆದ ವಾದ ಭೂಗೋಳದ್ದು. ಸಾವಂತರ ಊರು ಆಜರಾ. ಸಂಕೇಶ್ವರ ದಾಟಿ ಗಡಹಿಂಗ್ಲಜ ಮೇಲೆ ಹೋದರೆ ಬಂದೇಬಿಟ್ಟಿತು. ಮುಂಜಾನೆ ಹೋಗಿ ಸಂಜೆಗೆ ಮನೆಗೆ ಬರಬಹುದು. ಕುಪ್ಪಳಿ ಎಲ್ಲಿ? ತೀರ್ಥಹಳ್ಳಿಯ ಆಚೆ. “ಹತ್ತರದವರನ್ನ ಬಿಟ್ಟು ದೂರದವರನ್ನ ಯಾಕ ಹೊತ್ಕೊಂಡು ತಿರಗತೀರಿ?” ಹತ್ತಿರದವರೇ ಬೇಕೆಂದರೆ ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು ಜನ ಇದ್ದಾರೆ ಎಂದು ನಾನೂ ಪಟ್ಟಿ ಬಿಚ್ಚಿದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಕಂಬಾರರು, ಗೋಕಾಕ ಕಡೆಯ ಕಟ್ಟೀಮನಿಯವರು, ಬೆಟಗೇರಿ ಕೃಷ್ಣಶರ್ಮರು, ಗುರ್ಲಹೊಸೂರಿನ ಶಂ.ಬಾ. ಜೋಶಿಯವರು. ಪಟ್ಟಿ ಉದ್ದವಾದಷ್ಟೂ ಮದುಮಗಳು ಹಿಂದೆ ಸರಿಯುತ್ತಿದ್ದಾಳೆ ಎಂಬುದು ತಡವಾಗಿ ಹೊಳೆದು ನಿಲ್ಲಿಸಿದೆ. ಅತ್ಯುತ್ತಮ ಪುಸ್ತಕವನ್ನು ಕಿಲೋಮೀಟರಿನಲ್ಲಿ ಅಳೆಯಲು ಹೊರಟರೆ ಕಡೆಗೆ ನಮ್ಮೂರ ಸೊಸೈಟಿಯ ರಸೀದಿ ಪುಸ್ತಕವೇ ಗೆಲ್ಲುತ್ತದೆ.

ದೊಡ್ಡವರು ಹೇಗೆ ಆರಿಸುತ್ತಾರೆ ನೋಡೋಣ ಅಂದುಕೊಂಡೆ. ದಿಲ್ಲಿಯ ಸಾಹಿತ್ಯ ಅಕಾಡೆಮಿ ಈ ಕೆಲಸಕ್ಕಾಗಿಯೇ ಇದೆ. 1955ರಿಂದ ವರ್ಷವರ್ಷ ಭಾಷೆಗೊಂದು ಪುಸ್ತಕ ಹುಡುಕುತ್ತ ಬಂದಿದೆ. ಶಿವರಾಮ ಕಾರಂತರಿಗೆ ಆ ಪ್ರಶಸ್ತಿ ಕೊಟ್ಟದ್ದು 1959ರಲ್ಲಿ. ‘ಚೋಮನ ದುಡಿ’ಗೇನು? ಅಲ್ಲ. ‘ಮರಳಿ ಮಣ್ಣಿಗೆ’? ಅದಕ್ಕೂ ಅಲ್ಲ. ‘ಯಕ್ಷಗಾನ ಬಯಲಾಟ’ಕ್ಕೆ. ಆ ಪುಸ್ತಕ ಸಣ್ಣದೆಂದು ನಾನು ಹೇಳುತ್ತಿಲ್ಲ. ಯಕ್ಷಗಾನದ ಮಟ್ಟಿಗೆ ಅದು ದೊಡ್ಡ ಕೆಲಸವೇ. ಆದರೆ ಅಷ್ಟೊಂದು ಕಾದಂಬರಿ ಬರೆದವರ ಮನೆಗೆ ಹೋಗಿ ಕಾದಂಬರಿಗಳನ್ನೆಲ್ಲ ದಾಟಿ ಕುಣಿತದ ಪುಸ್ತಕ ಎತ್ತಿಕೊಂಡು ಬಂದವರ ಧೈರ್ಯ ನೋಡಿ! ನನ್ನ ಊಹೆ ಇಷ್ಟೇ: ಯಾವ ಕಾದಂಬರಿ ಎಂಬ ಜಗಳ ಬೇಡವಾಗಿತ್ತು. ಕಾರಂತರ ಕಾದಂಬರಿಗೆ ಮಾನ ಸಿಗಲು ‘ಮೂಕಜ್ಜಿಯ ಕನಸುಗಳು’ ಬಂದು, 1977ರ ಜ್ಞಾನಪೀಠದ ತನಕ ಕಾಯಬೇಕಾಯಿತು.

ಜಿ.ಎ. ಕುಲಕರ್ಣಿಯವರದು ಇನ್ನೂ ಮಜಾ. ನಮ್ಮ ಜಿಲ್ಲೆಯ ಏಕಸಂಬಾದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಕಲಿತು, ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ, ಮರಾಠಿಯಲ್ಲಿ ಕಥೆ ಬರೆದವರು. ಹೀಗೆ ಒಬ್ಬ ಮನುಷ್ಯನೊಳಗೆ ಮೂರು ಭಾಷೆ ಜಗಳವಿಲ್ಲದೆ ಇದ್ದವು. 1973ರಲ್ಲಿ ಅವರ ‘ಕಾಜಳಮಾಯಾ’ಕ್ಕೆ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕ ಪ್ರಕಟವಾದ ತಾರೀಖಿನ ಬಗ್ಗೆ ಯಾರೋ ತಕರಾರು ತೆಗೆದರು. ಜಿ.ಎ. ವಾದ ಮಾಡಲಿಲ್ಲ, ಪ್ರಶಸ್ತಿಯನ್ನೇ ತಿರುಗಿ ಕಳಿಸಿದರು. ಕಥೆ ಚಲೋ ಇದೆಯೋ ಇಲ್ಲವೋ ಎಂಬುದು ಹೋಗಿ ಅಚ್ಚಿನ ಮನೆಯ ತಾರೀಖೇ ಮುಖ್ಯವಾಯಿತು. ದಿಲ್ಲಿಯಲ್ಲಿಯೇ ಹೀಗಾದರೆ ದೇಸೂರದಲ್ಲಿ ಹೇಗಾದೀತು?

ಇಷ್ಟರಲ್ಲಿ ಬಾಜೂ ಮನೆಯ ಕಾಕಾ ಬಂದರು. ಅವರು ಬರುವುದು ಪೇಪರು ಒಯ್ಯಲಿಕ್ಕೆ, ಕೂಡುವುದು ಚಾ ಬರುವ ತನಕ. ಮೊಮ್ಮಗಳು ಅವರನ್ನೂ ಕೇಳಿದಳು.

“ನಂದಾ? ಉತಾರ,” ಅಂದರು ಕಾಕಾ, ಒಂದು ಗಳಿಗೆಯೂ ತಡಮಾಡದೆ.

“ಅದು ಪುಸ್ತಕ ಅಲ್ರೀ ಅಜ್ಜಾ.”

“ಯಾಕಲ್ಲವಾ? ಅದರಾಗ ನಮ್ಮ ಮುತ್ಯಾನ ಹೆಸರೈತಿ, ನಮ್ಮಪ್ಪನ ಹೆಸರೈತಿ, ನಂದೈತಿ. ಎಷ್ಟು ಗುಂಟೆ, ಯಾರ ಸಾಲಾ, ಎಲ್ಲಾ ಐತಿ. ನಿಮ್ಮಜ್ಜನ ಪುಸ್ತಕದಾಗ ಒಂದ ಅಕ್ಷರ ತಪ್ಪಿದ್ರ ಏನಾಕ್ಕೈತಿ? ಏನೂ ಆಗೂದಿಲ್ಲ. ಇದರಾಗ ಒಂದ ಅಕ್ಷರ ತಪ್ಪಿತಂದ್ರ ಖಾನಾಪುರ-ಬೆಳಗಾವಿ ತಿರಗ್ಯಾಡಿ ಚಪ್ಪಲಿ ಸವೀತಾವು.”

ಕಾಕಾನ ವಿಮರ್ಶೆಗೆ ಈಗ ವಿಶೇಷ ಕಾರಣವೂ ಇದೆ. ಧಾರವಾಡದಿಂದ ಕಿತ್ತೂರು ಮೇಲೆ ಬೆಳಗಾವಿಗೆ ಹಾಕಬೇಕೆಂದಿರುವ ಹೊಸ ರೈಲು ಮಾರ್ಗ ನಮ್ಮ ದೇಸೂರದ ಬಳಿಯೇ ಹಳೆಯ ಮಾರ್ಗವನ್ನು ಕೂಡಬೇಕೆಂಬ ಯೋಜನೆ. ಯಾರ ಗದ್ದೆ ಹೋಗುತ್ತದೆ, ಯಾರದು ಉಳಿಯುತ್ತದೆ ಎಂದು ಊರೆಲ್ಲ ಉತಾರ ತೆಗೆದು ಓದುತ್ತಿದೆ. ಒಂದೊಂದು ಶಬ್ದವನ್ನೂ ಬಿಡದೆ, ಬೆರಳು ಇಟ್ಟು, ಕನ್ನಡಕ ಒರೆಸಿ, ಎರಡೆರಡು ಸಲ ಓದುತ್ತಾರೆ. ಕುವೆಂಪು ಅವರನ್ನು ನಾನು ಸಹ ಇಷ್ಟು ಶ್ರದ್ಧೆಯಿಂದ ಓದಿಲ್ಲ. ಮೊಮ್ಮಗಳು ಲೇಖಕರ ಹೆಸರು ಕೇಳಿದಳು. “ತಲಾಟಿ,” ಅಂದರು ಕಾಕಾ. ತಲಾಟಿ ಹೋಗಿ ಗ್ರಾಮ ಲೆಕ್ಕಿಗ ಬಂದು ಎಷ್ಟು ವರ್ಷವಾದರೂ ಕಾಕಾನ ಸಾಹಿತ್ಯ ಚರಿತ್ರೆಯಲ್ಲಿ ಕರ್ತೃ ಬದಲಾಗಿಲ್ಲ.

ಚಾ ಬಂತು. ಚಾದ ಜೊತೆ ಒಂದು ರಾಜಿಯ ಮಾತೂ ಬಂತು. ಪು.ಲ. ದೇಶಪಾಂಡೆಯವರ ‘ರಾವಸಾಹೇಬ’ ಬರೆಸಿದರೆ ಹೇಗೆ ಎಂದಳು ಹೆಂಡತಿ. ಪು.ಲ. ಕೆಲಕಾಲ ಬೆಳಗಾವಿಯ ರಾಣಿ ಪಾರ್ವತಿ ದೇವಿ ಕಾಲೇಜಿನಲ್ಲಿ ಕಲಿಸಿದವರು. ಬೆಳಗಾವಿಯ ಒಬ್ಬ ದೊಡ್ಡ ಮನಸ್ಸಿನ, ದೊಡ್ಡ ದನಿಯ ಮನುಷ್ಯನನ್ನು ಆ ವ್ಯಕ್ತಿಚಿತ್ರದಲ್ಲಿ ಕೂಡಿಸಿದ್ದಾರೆ. ಆತನ ಮರಾಠಿ ಕನ್ನಡದ ಚಾಲಿನಲ್ಲಿ ನಡೆಯುತ್ತದೆ. ಪುಣೆಯವರಿಗೆ ಅದು ವಿನೋದ. ನಮಗೆ ವಿನೋದವೇನೂ ಅಲ್ಲ, ನಾವು ಮನೆಯಲ್ಲಿ ಮಾತಾಡುವುದೇ ಹಾಗೆ. ಪು.ಲ. ದನಿಯಲ್ಲಿಯೇ ಇದ್ದ ಕ್ಯಾಸೆಟ್ಟು ಹಾಕಿದಾಗ ನಾವಿಬ್ಬರೂ ಒಂದೇ ಕಡೆ ನಗುತ್ತಿದ್ದೆವು. ಅವಳು ಮರಾಠಿಗೆ ನಗುತ್ತಿದ್ದಳು, ನಾನು ಅದರೊಳಗಿನ ಕನ್ನಡಕ್ಕೆ. ಈ ರಾಜಿಗೆ ನಾನು ಬಹಳ ಮಟ್ಟಿಗೆ ಒಪ್ಪಿದ್ದೆ. ಆದರೆ ಅದು ಪುಸ್ತಕವಲ್ಲ, ಪುಸ್ತಕದೊಳಗಿನ ಒಂದು ಲೇಖನ ಎಂದು ಮೊಮ್ಮಗಳು ನಿಯಮ ತೋರಿಸಿದಳು. ಅಕಾಡೆಮಿಗೆ ಬೇಕಾದ ಹುಡುಗಿ.

ಆಮೇಲೆ ಅವಳು ಕೇಳಿದ್ದು ಸಣ್ಣ ಪ್ರಶ್ನೆ. “ಅಜ್ಜಾ, ನೀ ಆಜಿ ಪುಸ್ತಕ ಓದಿಯೇನು?”

ಓದಿರಲಿಲ್ಲ. ಕರ್ಣನ ಕಥೆ ಹುಟ್ಟಿನಿಂದ ಗೊತ್ತಿದ್ದದ್ದೇ, ಮತ್ತೇನು ಓದುವುದು ಎಂದು ಬಿಟ್ಟಿದ್ದೆ.

“ಆಜಿ, ನೀ ಅಜ್ಜಂದು?”

ಅವಳೂ ಓದಿರಲಿಲ್ಲ. ಅಷ್ಟು ದಪ್ಪ ಪುಸ್ತಕವನ್ನು, ಅದೂ ಕನ್ನಡ ಅಕ್ಷರದಲ್ಲಿ, ಯಾರು ಓದಬೇಕು? ಅವಳು ಕನ್ನಡ ಓದಲು ಕಲಿತದ್ದು ಬಸ್ಸಿನ ಬೋರ್ಡಿನ ಮೇಲೆ. ಬೋರ್ಡು ಬಹಳ ಉದ್ದ ಇರುವುದಿಲ್ಲ.

ಅಂದರೆ ಇಷ್ಟು ಹೊತ್ತು ನಾವು ಎರಡು ಪುಸ್ತಕಗಳನ್ನು ತೂಗುತ್ತಿದ್ದೆವು, ಇಬ್ಬರ ತಕ್ಕಡಿಗೂ ಒಂದೊಂದೇ ಪರಡಿ. ಇದರಲ್ಲಿ ನಾಚಿಕೊಳ್ಳುವಂಥದು ಏನೂ ಇಲ್ಲವೆಂದು ನನ್ನ ಅಭಿಪ್ರಾಯ. ಜಗತ್ತಿನ ಅತ್ಯುತ್ತಮ ಪುಸ್ತಕ ಯಾವುದೆಂದು ಖಡಾಖಂಡಿತ ಹೇಳುವವರೆಲ್ಲ ಉಳಿದವನ್ನು ಓದದೆ ಇದ್ದದ್ದಕ್ಕೇ ಹಾಗೆ ಹೇಳಬಲ್ಲರು. ಎಲ್ಲ ಓದಿದವರನ್ನು ಕೇಳಿ ನೋಡಿ, ‘ಹಾಗೆ ಹೇಳಲಿಕ್ಕೆ ಬರೋದಿಲ್ರೀ’ ಎಂದು ಬಾಯಿ ಒರೆಸಿಕೊಂಡು ಹೋಗುತ್ತಾರೆ. ಒಂದು ಹಾಳೆ ತುಂಬಿಸಲಿಕ್ಕೂ ಅವರಿಂದ ಉಪಯೋಗವಿಲ್ಲ.

ಹಾಳೆಯನ್ನು ಮೊಮ್ಮಗಳು ತನ್ನ ಮನಸ್ಸಿಗೆ ಬಂದ ಹಾಗೆ ತುಂಬಿಕೊಂಡು ಹೋದಳು. ಚಿತ್ರಗಳಿರುವ ಯಾವುದೋ ತೆಳ್ಳನೆಯ ಪುಸ್ತಕ. ಐದು ಸಾಲಿನಲ್ಲಿ ಒಂದು ಸಾಲು ‘ಇದು ಬೇಗ ಮುಗಿಯುತ್ತದೆ’ ಎಂದಿತ್ತಂತೆ.

ಮಳೆ ಹಿಡಿಯಿತು. ಖಾನಾಪುರ ಕಡೆಯ ಮಳೆ ಗೊತ್ತಲ್ಲ, ಕಣಕುಂಬಿಯಲ್ಲಿ ಬಿದ್ದು ಬಿದ್ದು ಬೇಸರವಾದಾಗ ನಮ್ಮ ಕಡೆ ಬರುತ್ತದೆ. ನಾಟಿ ಮುಗಿದ ಮೇಲೆ ಮನೆಯಲ್ಲಿ ಕೂತು ಮಾಡುವುದೇನು? ಕರಾರು ಮಾಡಿಕೊಂಡು ಪುಸ್ತಕ ಅದಲುಬದಲು ಮಾಡಿಕೊಂಡೆವು. ಅವಳ ಪ್ರತಿಯನ್ನು ತವರಿನವರು ಒಯ್ದು ಕೊಟ್ಟಿರಲಿಲ್ಲ, ಆದ್ದರಿಂದ ಅವಳ ಹೆಸರಿನಲ್ಲಿ ಬೆಳಗಾವಿಯ ವಾಚನಾಲಯದಿಂದ ‘ಮೃತ್ಯುಂಜಯ’ ತಂದೆ. ಮದುಮಗಳು ಮೇಲಿನ ಹಲಗೆಯಿಂದ ಕೆಳಗಿಳಿದಳು.

ಬಸ್ಸಿನ ಬೋರ್ಡಿನ ವೇಗದಲ್ಲಿ ಅವಳು ಓದತೊಡಗಿದಳು. ಅವಳಿಗೆ ಗುತ್ತಿಯ ಹಿಂದೆ ಹೋಗುವ ಹುಲಿಯ ಎಂಬ ನಾಯಿ ಬಹಳ ಹಿಡಿಸಿತು. ಮನುಷ್ಯರ ಹೆಸರು ಕೂಡ ಅವಳು ನೆನಪಿಡಲಿಲ್ಲ, ‘ಆ ನಾಯಿಯವ’, ‘ಆ ನಾಯಿಯವನ ಗೌಡ’ ಎಂದೇ ಗುರುತು. ಒಂದು ದಿನ ಹಾಳೆಗಳ ನಡುವೆ ಬೆರಳಿಟ್ಟು ಕೇಳಿದಳು: “ಅಹೋ, ಕರೆ ಹೇಳ್ರಿ. ಕಡೀಕ ಆ ನಾಯಿ ಇರತೈತಿಲ್ಲೊ?”

ನಾನು ಸುಮ್ಮನಿದ್ದೆ. ಅಷ್ಟರಲ್ಲೇ ತಿಳಿದುಕೊಂಡಳು. ಪುಸ್ತಕ ಮುಚ್ಚಿ ಮೇಲಿನ ಹಲಗೆಯ ಮೇಲಿಡಲು ನನ್ನ ಕೈಗೆ ಕೊಟ್ಟಳು. “ನಾಯಿ ಸಾಯೋ ಪುಸ್ತಕ ಹೆಂಗ ಚಲೋ ಆಗತೈತ್ರಿ?” ಮರುದಿನ ಮಧ್ಯಾಹ್ನ ನಾನು ಗದ್ದೆಯಿಂದ ಬಂದಾಗ ಕಪಾಟಿನ ಮುಂದೆ ಸ್ಟೂಲು ಇತ್ತು, ಮದುಮಗಳು ಇದ್ದಲ್ಲಿ ಇರಲಿಲ್ಲ. ನಾನು ಕೇಳಲಿಲ್ಲ.

ನನ್ನ ಪಾಡು ಬೇರೆ. ಕರ್ಣ ತಾನೇ ತನ್ನ ಕಥೆ ಹೇಳುತ್ತಾನೆ, ಆಮೇಲೆ ಕುಂತಿ ಹೇಳುತ್ತಾಳೆ, ದುರ್ಯೋಧನ ಹೇಳುತ್ತಾನೆ. ಒಬ್ಬರ ಮಾತು ಕೇಳಿ ನಂಬಿದೆವೆನ್ನುವಷ್ಟರಲ್ಲಿ ಇನ್ನೊಬ್ಬರು ಬರುತ್ತಾರೆ. ಕರೆಂಟು ಹೋದ ರಾತ್ರಿಗಳಲ್ಲಿ ಮೊಬೈಲಿನ ಬೆಳಕು ಹಿಡಿದು, ಗುಂಗಡಿಯ ಒಳಗೆ, ಅವಳಿಗೆ ಗೊತ್ತಾಗದ ಹಾಗೆ ಓದಿದೆ. ಹೇಗಿದೆ ಎಂದು ಕೇಳಿದಾಗ, “ನಡೀತೈತಿ” ಎಂದಷ್ಟೇ ಹೇಳಿದ್ದೇನೆ. ಮುಗಿಯಿತೇನು ಎಂದು ಕೇಳಿದಾಗ ಇನ್ನೂ ಇಲ್ಲ ಎಂದಿದ್ದೇನೆ, ಯಾಕೆಂದರೆ ಎರಡನೆಯ ಸಲ ನಡೆದಿದೆ. ವಾಚನಾಲಯಕ್ಕೆ ಕೊಡಬೇಕಾದ ತಾರೀಖು ದಾಟಿ ಎಷ್ಟೋ ದಿನ ಆಯಿತು. ದಂಡ ಅವಳ ಖಾತೆಯ ಮೇಲೆ ಏರುತ್ತಿದೆ.