ಖಾಲಿ ಸ್ಥಾನ ಮೀಮಾಂಸೆ

ಬ್ರಿಜ್ ಎಂಬ ಶಬ್ದಕ್ಕೆ ಲೋಕರೂಢಿಯಲ್ಲಿ ಸೇತುವೆಯೆಂಬ ಅರ್ಥವಿದ್ದರೂ ಪ್ರಸ್ತುತ ಗ್ರಂಥದಲ್ಲಿ ಅದು, ನಾಲ್ವರು ಎರಡು ಜೋಡಿಯಾಗಿ ಕುಳಿತು ತಲಾ 13ರಂತೆ 52 ಎಲೆಗಳನ್ನು ಹಂಚಿಕೊಂಡು ಆಡುವ ಇಸ್ಪೀಟಾಟವನ್ನು ಮಾತ್ರ ಸೂಚಿಸುತ್ತದೆ. ಅಂಕಲೇಶ್ವರ ಬಿಟ್ಟ ರೈಲು ಭರೂಚ್ ಮುಟ್ಟುವ ಮೊದಲು ನರ್ಮದೆಯ ಬ್ರಿಜ್ಜಿನ ಮೇಲಿರುವಾಗ ಆಡಿದ ಬ್ರಿಜ್ಜನ್ನು ಏನೆನ್ನಬೇಕೆಂಬ ಬಗ್ಗೆ ವೈಯಾಕರಣರು ಇನ್ನೂ ಬಾಯಿ ಬಿಟ್ಟಿಲ್ಲ.

ಎದುರಾಳಿಯ ಕೈಯಲ್ಲಿ ಯಾವ ಎಲೆ ಇದೆಯೆಂದು ತಿಳಿಯಲು ನೈಯಾಯಿಕರು ಒಪ್ಪಿದ ನಾಲ್ಕು ಪ್ರಮಾಣಗಳಲ್ಲಿ ಪ್ರತ್ಯಕ್ಷವು, ಅಂದರೆ ಎದುರಾಳಿಯ ಕನ್ನಡಕದಲ್ಲಿ ಅವನದೇ ಎಲೆಗಳನ್ನು ಓದುವುದು, ನಿಷಿದ್ಧ. ಶಬ್ದವು ಸವಾಲಿಗಷ್ಟೇ, ಅಂದರೆ ಇಷ್ಟು ಪಟ್ಟು ಗೆಲ್ಲುವೆವೆಂದು ಮೊದಲೇ ಕೂಗುವುದಕ್ಕಷ್ಟೇ ಸೀಮಿತ. ಜೊತೆಗಾರನ ಕಡೆ ತಿರುಗಿ ಕೆಮ್ಮುವುದು ಶಬ್ದವೇ ಆದರೂ ಪ್ರಮಾಣವಲ್ಲ. ನಿನ್ನೆ ತಲೆ ಕೆರೆದುಕೊಂಡಾಗ ಇವನಲ್ಲಿ ರಾಣಿಯಿತ್ತು, ಆದ್ದರಿಂದ ಇಂದೂ ಇದೆ ಎಂಬ ಉಪಮಾನವನ್ನು ತಲೆಹೊಟ್ಟು ಕೆಡಿಸುತ್ತದೆ. ಹೀಗೆ ಉಳಿಯುವುದು ಅನುಮಾನವೊಂದೇ.

ಆಟಗಾರನಲ್ಲೂ ಅವನ ಡಮ್ಮಿಯಲ್ಲೂ (ಡಮ್ಮಿಯೆಂದರೆ ಎಲೆಗಳನ್ನೆಲ್ಲ ಬಿಚ್ಚಿಟ್ಟು ಚಹಾ ತರಲು ಬಿಡುವಾದ ಜೊತೆಗಾರ) ಸೇರಿ ಇಸ್ಪೀಟು ರಂಗಿನ 9 ಎಲೆಗಳಿದ್ದರೆ, ಹೊರಗಿನ 4 ಎಲೆಗಳು 3-1 ಆಗಿ ಒಡೆದಿರುವ ಸಂಭವ ಶೇ. 49.74, 2-2 ಆಗಿರುವುದು ಶೇ. 40.70, ಸಮಪಾಲೇ ಸಹಜವೆಂದು ನಂಬುವವರು ಅಣ್ಣತಮ್ಮಂದಿರ ಪಾಲುಪಟ್ಟಿಯನ್ನು ಕಂಡವರಲ್ಲ. ಇನ್ನು ಎಡಗಡೆಯವನಲ್ಲಿ 7 ಆಟೀನು, ಬಲಗಡೆಯವನಲ್ಲಿ 2 ಇವೆಯೆಂದು ಗೊತ್ತಾದರೆ, ಎಡಗೈಯಲ್ಲಿ 6, ಬಲಗೈಯಲ್ಲಿ 11 ಸ್ಥಾನಗಳು ಖಾಲಿ ಉಳಿಯುವುದರಿಂದ, ಕಾಣದ ಇಸ್ಪೀಟು ರಾಣಿಯು 17ಕ್ಕೆ 11ರಂತೆ, ಸುಮಾರು ಶೇ. 65ರಷ್ಟು, ಬಲಗಡೆಯವನ ಬಳಿ ಇರುತ್ತಾಳೆ. ಇದೇ ಖಾಲಿ ಸ್ಥಾನ ಸಿದ್ಧಾಂತ.

ಈ ಸಿದ್ಧಾಂತಕ್ಕೆ ಸೂರತ್, ವಡೋದರಾ, ಅಹಮದಾಬಾದ್‌ಗಳ ನಡುವೆ ದಿನವೂ ಓಡಾಡುವ ‘ಅಪ್‌ಡೌನ್‌’ನವರ ಡಬ್ಬಿಯಲ್ಲಿ ಬಾಧಕವೊಂದು ಎದುರಾಗುತ್ತದೆ. ಎಲೆಗಳಲ್ಲಿ ರಾಣಿಯು ಜಾಗ ಹೆಚ್ಚಿರುವ ಕಡೆ ಹೋದರೆ, ಪ್ರಯಾಣಿಕರಲ್ಲಿ ನಾಲ್ಕನೆಯವನು ಈಗಾಗಲೇ ಮೂವರು ಕುಳಿತಿರುವ ಸೀಟಿಗೇ ಬಂದು ‘ಜರಾ ಖಸಜೋ’, ಅಂದರೆ ಸ್ವಲ್ಪ ಸರೀರಿ, ಎನ್ನುತ್ತಾನೆ. ಮೊಣಕಾಲುಗಳ ಮೇಲೆ ಅಡ್ಡ ಇಟ್ಟ ಬ್ಯಾಗು ಓರೆಯಾಗುತ್ತದೆ, ಎಲೆ ಕೆಳಗೆ ಬೀಳುತ್ತದೆ, ಅನುಮಾನವು ಪ್ರತ್ಯಕ್ಷವಾಗುತ್ತದೆ.

ಈ ಪ್ರಾಂತದವರು ಬ್ರಿಜ್ಜಿನ ದಾಯಾದಿಯಾದ ಮೆಂಡಿಕೋಟನ್ನೂ ಆಡುವುದುಂಟು. ಹತ್ತರ ಎಲೆಗಳನ್ನು ಹಿಡಿಯುವುದೇ ಅದರ ಪುರುಷಾರ್ಥ. ಅದರ ಒಂದು ಪಾಠಾಂತರದಲ್ಲಿ, ಕೇಳಿದ ರಂಗಿನ ಎಲೆ ಇಲ್ಲದವನು ಮೊದಲ ಬಾರಿಗೆ ಹಾಕಿದ ಬೇರೆ ರಂಗೇ ಹುಕುಂ, ಅಂದರೆ ತುರುಫು, ಆಗುವುದರಿಂದ, ಒಂದೇ ಎಲೆಯಿಂದ ತನ್ನ ಬಡತನವನ್ನೂ ಸಿರಿತನವನ್ನೂ ಒಟ್ಟಿಗೆ ಸಾರುವ ಇಂಥ ಪ್ರಾಮಾಣಿಕತೆ ಆದಾಯ ತೆರಿಗೆಯ ಲೆಕ್ಕಪತ್ರಗಳಲ್ಲೂ ಅಪರೂಪ. ಸೂರತ್ತಿನವರು ವಜ್ರ ಉಜ್ಜುವವರಾದ್ದರಿಂದ ಡೈಮನ್ ಎಲೆಗಳನ್ನು ಮೂಸಿಯೇ ಪತ್ತೆಹಚ್ಚುವರೆಂಬ ಪೂರ್ವಪಕ್ಷ ನಿಲ್ಲದು. ಗುಜರಾತಿಯಲ್ಲಿ ಆ ರಂಗಿನ ಹೆಸರು ಚೋಕಟ್, ಅದಕ್ಕೂ ಹೀರಾಕ್ಕೂ ಸಂಬಂಧವಿಲ್ಲ.

ರಾಣಿ ಬಲಗಡೆಯವನಲ್ಲೇ ಎಂದು ಗಣಿತವು ನಿರ್ಣಯಿಸುವ ಹೊತ್ತಿಗೆ ವಡೋದರಾ ಬಂದು, ಬಲಗಡೆಯವನು ಎಲೆಗಳನ್ನು ಬೋರಲು ಹಾಕಿ ಟಿಫಿನ್ ಡಬ್ಬಿ ಎತ್ತಿಕೊಂಡು ಇಳಿದುಹೋಗುತ್ತಾನೆ. ಹೀಗೆ ಉಂಟಾದ ನಿಜವಾದ ಖಾಲಿ ಸ್ಥಾನದಲ್ಲಿ, ಸೂರತ್ತಿನಿಂದ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತು ನಾಲ್ವರ ಎಲೆಗಳನ್ನೂ ಮೇಲಿನಿಂದ ನೋಡುತ್ತಲೇ ಬಂದವನು ಕುಳಿತು, ಬೋರಲು ಬಿದ್ದ ಎಲೆಗಳನ್ನು ತಿರುಗಿಸಿಯೂ ನೋಡದೆ, ಆಟ ಮುಂದುವರಿಯಲಿ ಎನ್ನುತ್ತಾನೆ.