ಮಂಗಳವಾರದ ಕ್ಷೌರ

ನಿವೃತ್ತರಾದವರಿಗೆ ಉಡುಗೊರೆ ಕೊಡುವ ಮುಂಚೆ ಜನ ಸ್ವಲ್ಪ ಯೋಚಿಸಬೇಕು. ಕೆಲಸವಿಲ್ಲದ ಬಡಗಿ ಏನನ್ನು ಕೆತ್ತಿದ ಎಂಬ ಗಾದೆ ನಿಮಗೂ ಗೊತ್ತಿರುತ್ತದೆ. ಪೂರ್ತಿ ಬರೆದರೆ ಸಂಪಾದಕರು ಅದನ್ನೇ ಕೆತ್ತಿ ಹಾಕುತ್ತಾರೆ. ನನ್ನ ಅಳಿಯಂದಿರು ಜರ್ಮನಿಯಿಂದ ಬರುವಾಗ ನನಗೆಂದೇ ತಂದದ್ದು ಒಂದು ಮಡಚುವ ಕ್ಷೌರದ ಕತ್ತಿ. ಜೋಲಿಂಗನ್ ಎಂಬ ಊರಿನದಂತೆ. ನಮ್ಮ ಚನ್ನಪಟ್ಟಣಕ್ಕೆ ಗೊಂಬೆ, ಇಳಕಲ್ಲಿಗೆ ಸೀರೆ ಹೇಗೋ ಆ ಊರಿಗೆ ಕತ್ತಿ, ಚಾಕು, ಕತ್ತರಿ ಹಾಗೆ. ಪೆಟ್ಟಿಗೆಯಿಂದ ತೆಗೆದು ಬಿಚ್ಚಿದರೆ ಅಲಗಿನಲ್ಲಿ ನನ್ನ ಮುಖ ಕಂಡಿತು. ಗಲ್ಲದ ಕೆಳಗಿನ ಜೋಲು ಯಾವುದೂ ಇಲ್ಲದೆ ಉದ್ದಕ್ಕೆ, ತೆಳ್ಳಗೆ, ಮದುವೆಯ ಆಲ್ಬಮ್ಮಿನಲ್ಲಿದ್ದ ಹಾಗೆ. ಅಲ್ಲೇ ಮರುಳಾದೆ.

‘ತುಂಬಾ ಸುಲಭ ಮಾವ, ಯೂಟ್ಯೂಬಲ್ಲಿ ಎಲ್ಲ ಇದೆ’ ಎಂದು ಹೇಳಿ ಅಳಿಯಂದಿರು ವಿಮಾನ ಹತ್ತಿದರು.

ಮೊದಲ ದಿನ ರಕ್ತ ಬರಲಿಲ್ಲ. ಬಂದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಗಾಯ ತೋರಿಸಿದರೆ ಜನ ಅಯ್ಯೋ ಅನ್ನುತ್ತಾರೆ, ಉರಿಯನ್ನು ಹೇಗೆ ತೋರಿಸುವುದು? ಕಾಫಿ ಕುಡಿಯುವ ಹೊತ್ತಿಗೆ ಕೆನ್ನೆ ಚುರುಚುರು ಅಂದಿತು. ಸಂಜೆಗೆ ಕೊರಳು ಬಾಣಲೆಯ ಹಾಗೆ ಕಾದಿತು. ಪಟ್ಟು ಬಿಡದೆ ಮಾರನೆಯ ದಿನವೂ ಎಳೆದೆ. ಮೂರನೆಯ ದಿನ ಗಲ್ಲದ ಕೆಳಗೆಲ್ಲ ಬನ್ಸಿ ರವೆ ಚೆಲ್ಲಿದಂತೆ ಕೆಂಪು ಗುಳ್ಳೆ. ಅಂಗಿಯ ಕಾಲರು ತಾಗಿದರೆ ಜೀವ ಹೋಗುವಷ್ಟು ತುರಿಕೆ.

ಬೆಂಗಳೂರಿನಲ್ಲಿ ದಾರಿ ಕೇಳಿದರೂ ಔಷಧಿ ಕೇಳಿದರೂ ‘ಗೊತ್ತಿಲ್ಲ’ ಅನ್ನುವವರು ಸಿಕ್ಕುವುದಿಲ್ಲ. ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲಿ ನಮ್ಮ ಬೆಳಗಿನ ವಾಕಿಂಗ್ ಗುಂಪು ನನ್ನ ಕೊರಳನ್ನು ಸುತ್ತುವರಿದು ಸಭೆ ನಡೆಸಿತು. ಒಬ್ಬರು ಲೋಳೆಸರ ಅಂದರು, ಒಬ್ಬರು ಕೊಬ್ಬರಿ ಎಣ್ಣೆ. ನಿವೃತ್ತ ಎಂಜಿನಿಯರ್ ಒಬ್ಬರು ತಪ್ಪೆಲ್ಲ ನೀರಿನದು ಎಂದು ತೀರ್ಪು ಕೊಟ್ಟರು. ಅವರ ಮಾತಿನಲ್ಲಿ ಹುರುಳಿತ್ತು. ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪನ್ನು ನೊರೆಯಾಗಲು ಬಿಡದೆ ಒಡೆದ ಹಾಲಿನ ಹಾಗೆ ಮಾಡುತ್ತವೆ. ನೊರೆಯಿಲ್ಲದ ಕೆನ್ನೆಯ ಮೇಲೆ ಕತ್ತಿ ಜಾರುವುದಿಲ್ಲ, ಗೀರುತ್ತದೆ. ಆದರೆ ಇದೇ ನೀರಿನಲ್ಲಿ ಇಷ್ಟು ವರ್ಷ ಸೇಫ್ಟಿ ರೇಜರಿನಿಂದ ಬೋಳಿಸಿಕೊಂಡಿಲ್ಲವೇ? ಹೀಗೆ ಕೇಳಿದ್ದಕ್ಕೆ ಅವರು ಕಾವೇರಿ ನೀರಿನ ಯೋಜನೆಯ ಐದನೇ ಹಂತದ ಬಗ್ಗೆ ಎರಡು ಸುತ್ತು ಮಾತಾಡಿದರು.

ನಾಲ್ಕನೆಯವರು ನಿಂಬೆಹಣ್ಣು ಅಂದರು. ಅಂದು ಮಂಗಳವಾರ. ನನ್ನ ಹೆಂಡತಿ ಬನಶಂಕರಿ ಅಮ್ಮನ ಗುಡಿಗೆ ಹೊರಡುವ ದಿನ. ರಾಹುಕಾಲ ಮೂರರಿಂದ ನಾಲ್ಕೂವರೆ. ಆ ಹೊತ್ತಿನಲ್ಲೇ ಅಲ್ಲಿ ನಿಂಬೆಹಣ್ಣಿನ ದೀಪ ಹಚ್ಚಬೇಕು. ಅವಳು ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಹೆಬ್ಬೆರಳಿನಿಂದ ಒಳಗಿನಿಂದ ಹೊರಕ್ಕೆ ಮಗುಚುವುದನ್ನು ನೋಡಬೇಕು. ಹಸಿರು ಒಳಗೆ ಹೋಗಿ ಬಿಳುಪು ಹೊರಗೆ ಬಂದು, ಕ್ಷಣದಲ್ಲಿ ಪುಟ್ಟ ಬಟ್ಟಲು ತಯಾರು. ಹಿಂಡಿದ ರಸ ಸ್ಟೀಲಿನ ಲೋಟದಲ್ಲಿ ಸುಮ್ಮನೆ ಕೂತಿತ್ತು. ಪಾನಕ ಆಗಬೇಕಾದದ್ದನ್ನು ನಾನು ಕೊರಳಿಗೆ ಹಚ್ಚಿದೆ.

ಪಕ್ಕದ ಮನೆಯವರು ಬಾಗಿಲು ತೆರೆದು ಬಂದರು ಎಂದಷ್ಟೇ ಹೇಳುತ್ತೇನೆ.

ಚರ್ಮದ ಡಾಕ್ಟರು ನೋಡಿದ್ದು ಎರಡು ನಿಮಿಷ, ನಕ್ಕದ್ದು ಒಂದು ನಿಮಿಷ. ಕತ್ತಿಯನ್ನು ಒತ್ತಿ ಎಳೆದರೆ ಕೂದಲಿನ ಜೊತೆಗೆ ಚರ್ಮದ ಮೇಲ್ಪದರವೂ ಸವೆದು ಬರುತ್ತದಂತೆ. ಕೂದಲು ಮಲಗಿದ ದಿಕ್ಕಿಗೆ ಎದುರಾಗಿ ಬುಡದವರೆಗೆ ಕತ್ತರಿಸಿದರೆ ಅದರ ತುದಿ ಮೊನಚಾಗಿ, ಬೆಳೆಯುವಾಗ ಬಾಗಿ, ಮತ್ತೆ ಚರ್ಮದೊಳಕ್ಕೇ ಚುಚ್ಚಿಕೊಳ್ಳುತ್ತದಂತೆ. ನನ್ನ ರವೆಗುಳ್ಳೆಗಳ ಮೂಲ ಅದು. ‘ನಿಂಬೆರಸ ಬೇಡ, ಘಮಘಮ ಲೋಷನ್ನು ಬೇಡ. ತಣ್ಣೀರು, ವಾಸನೆಯಿಲ್ಲದ ಕ್ರೀಮು. ಗುಳ್ಳೆ ಇಳಿಯೋ ತನಕ ಗಡ್ಡ ಮುಟ್ಟಬೇಡಿ’ ಎಂದರು. ಇದನ್ನೇ ಹೆಂಡತಿ ಮೊದಲ ದಿನವೇ ಹೇಳಿದ್ದಳು, ಫೀಸು ತೆಗೆದುಕೊಳ್ಳದೆ.

ವಾರದ ಗಡ್ಡ ಹೊತ್ತು ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ಕ್ರಾಸಿನಲ್ಲಿರುವ ನನ್ನ ಹಳೆಯ ಅಂಗಡಿಗೆ ಹೋದೆ. ಯಜಮಾನರಿಗೆ ನನ್ನದೇ ವಯಸ್ಸು. ಅವರ ತಂದೆಯವರೂ ಇದೇ ಕಸುಬಿನವರು. ಈ ಕಸುಬಿಗೆ ನಮ್ಮ ಹಿರಿಯರು ಆಯುಷ್ಕರ್ಮ ಎಂಬ ಎಷ್ಟು ಚೆಂದದ ಹೆಸರಿಟ್ಟರು! ಕಸುಬಿನವರ ಜಾತಿಯ ಹೆಸರನ್ನು ಮಾತ್ರ ನಾವು ಬೈಗುಳ ಮಾಡಿಕೊಂಡೆವು. 12ನೇ ಶತಮಾನದಲ್ಲಿ ಕಲ್ಯಾಣದ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು ಈ ಸಮುದಾಯ ತನ್ನವರೆಂದು ಪೂಜಿಸುತ್ತದೆ. ಹಡಪ ಎಂದರೆ ಎಲೆ ಅಡಿಕೆಯ ಚೀಲವೂ ಹೌದು, ಕ್ಷೌರದ ಸಾಮಾನಿನ ಚೀಲವೂ ಹೌದು. ಯಜಮಾನರ ತಂದೆಯ ಹಡಪ ಅಂಗಡಿಯ ಗೂಡಿನಲ್ಲಿ ಈಗಲೂ ಇದೆ, ಊದಿನಕಡ್ಡಿಯ ಪಕ್ಕದಲ್ಲಿ.

‘ಯಾರ ಹತ್ರ ಮಾಡಿಸ್ಕೊಂಡ್ರಿ ಸಾರ್ ಇದನ್ನ?’ ಕನ್ನಡಿಯಲ್ಲೇ ಕೊರಳು ನೋಡಿ ಕೇಳಿದರು. ದನಿಯಲ್ಲಿ ಸಣ್ಣ ಮುನಿಸು.

‘ನಾನೇ.’

‘ಅದಕ್ಕೇ. ಒತ್ತಿದ್ರಾ?’

‘ಸ್ವಲ್ಪ.’

‘ಸ್ವಲ್ಪ ಅಲ್ಲ ಸಾರ್. ಬಸ್ಸಲ್ಲಿ ಸೀಟು ಹಿಡಿಯೋ ಹಂಗೆ ಒತ್ತಿದೀರಿ.’

ಅವರು ಬ್ಲೇಡನ್ನು ಕಾಗದ ಬಿಚ್ಚದೆಯೇ ಬಗ್ಗಿಸಿ ಟಕ್ ಎಂದು ಎರಡು ಹೋಳು ಮಾಡಿ, ಒಂದು ಹೋಳನ್ನು ಹಿಡಿಯ ಬಾಯಿಗೆ ಸೇರಿಸಿದರು. ಎಚ್‌ಐವಿ ಭಯ ಹಬ್ಬಿದ ಮೇಲೆ ಅಂಗಡಿಗಳಲ್ಲಿ ಹಳೆಯ ಕತ್ತಿ ಹೋಗಿ ಈ ಅರ್ಧ ಬ್ಲೇಡು ಬಂತು. ಒಬ್ಬರಿಗೆ ಒಂದು ಹೋಳು, ಆಮೇಲೆ ಡಬ್ಬಕ್ಕೆ. ಬಿಸಿನೀರಿನ ಟವೆಲ್ಲು ಮುಖಕ್ಕೆ ಹಾಕಿ, ಎದುರಿನ ಹೋಟೆಲಿನಿಂದ ಬಂದ ಚಹಾವನ್ನು ನಿಧಾನವಾಗಿ ಕುಡಿದರು. ನಾನು ಟವೆಲ್ಲಿನ ಒಳಗಿನಿಂದ ಗೊಣಗಿದೆ. ‘ಕೂದಲು ನೀರು ಕುಡೀಲಿ ಸಾರ್, ನಾನು ಚಾ ಕುಡೀತೀನಿ’ ಅಂದರು. ನೆನೆದ ಕೂದಲು ಮೆತ್ತಗಾಗಿ ಸಲೀಸಾಗಿ ತುಂಡಾಗುತ್ತದೆ. ನನ್ನ ಬಚ್ಚಲಲ್ಲಿ ಆ ಎರಡು ಮೂರು ನಿಮಿಷ ಯಾವತ್ತೂ ಇರಲಿಲ್ಲ.

ಆಮೇಲೆ ಬೆರಳ ತುದಿಯಿಂದ ನನ್ನ ಕೊರಳನ್ನು ಮೆಲ್ಲಗೆ ಸವರಿ ಕೂದಲಿನ ದಿಕ್ಕು ಓದಿದರು. ಜಯನಗರದ ಮೇನು, ಕ್ರಾಸುಗಳ ಹಾಗೆ ಎಲ್ಲ ನೆಟ್ಟಗೆ ಮೇಲಿಂದ ಕೆಳಕ್ಕೆ ಅಂದುಕೊಂಡಿದ್ದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಬಿಟಿಎಂ ಬಡಾವಣೆ ಆದ ಹಾಗೆ ಅಲ್ಲಿಯೂ ಮೂರು ಊರು ಮೂರು ದಿಕ್ಕಿಗೆ ಮುಖ ಮಾಡಿದ್ದವು: ಎಡಗಡೆ ಮೇಲಕ್ಕೆ, ಬಲಗಡೆ ಅಡ್ಡಕ್ಕೆ, ನಡುವೆ ಸುಳಿ. ಅರವತ್ತು ವರ್ಷ ಹೊತ್ತು ತಿರುಗಿದ ಕೊರಳಿನ ನಕ್ಷೆ ಮೊದಲು ಓದಿದವರು ಬೇರೆಯವರು.

ಜರ್ಮನಿಯ ಕತ್ತಿಯನ್ನು ಜೇಬಿನಿಂದ ತೆಗೆದು ಕೊಟ್ಟೆ. ಅವರು ಟವೆಲ್ಲಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೊಳಕೈ ಮೇಲಿನ ಒಂದು ಕೂದಲಿಗೆ ತಾಗಿಸಿದರು. ಕೂದಲು ಬಗ್ಗಿತು, ತುಂಡಾಗಲಿಲ್ಲ.

‘ಬಾಯಿ ಹೋಗಿದೆಯಲ್ಲ ಸಾರ್! ಯಾವುದರ ಮೇಲೆ ತಿಕ್ಕಿದ್ರಿ?’

ಬ್ಯಾಂಕಿಗೆ ಹಾಕಿಕೊಂಡು ಹೋಗುತ್ತಿದ್ದ ಬೆಲ್ಟಿನ ಮೇಲೆ ಎಂದೆ. ಬೆಲ್ಟಿನ ಮೇಲೆ ಎಂಟು ಗೀರು ಬಿದ್ದದ್ದನ್ನೂ ಹೇಳಿದೆ.

‘ಬೆನ್ನು ಮುಂದೆ ಹೋಗ್ಬೇಕು, ಬಾಯಿ ಹಿಂದೆ ಬರ್ಬೇಕು. ನೀವು ಬಾಯಿ ಮುಂದೆ ಬಿಟ್ಟಿದೀರಿ.’ ಈ ಮಾತನ್ನು ನನ್ನ ಹೆಂಡತಿಯೂ ಬಹಳ ಸಲ ಹೇಳಿದ್ದಾಳೆ, ಕತ್ತಿಯ ವಿಷಯದಲ್ಲಲ್ಲ.

ಗೂಡಿನಿಂದ ತಂದೆಯ ಹಡಪ ಇಳಿಸಿ ಸಾಣೆಕಲ್ಲು ತೆಗೆದು, ನೀರು ಚಿಮುಕಿಸಿ, ಕತ್ತಿಯನ್ನು ಮಗ್ಗುಲು ಮಲಗಿಸಿ ತೇಯತೊಡಗಿದರು. ಸುರ್... ಸುರ್... ಎಂಬ ಸದ್ದು. ಟಿ.ವಿ.ಯ ಪಾಡಿಗೆ ಟಿ.ವಿ. ಓಡುತ್ತಿತ್ತು, ಕಾಯುತ್ತಿದ್ದ ಹುಡುಗನೊಬ್ಬ ಮೊಬೈಲು ಬಿಟ್ಟು ಎದ್ದು ಬಂದು ನೋಡಿದ. ಕಲ್ಲಾದ ಮೇಲೆ ಚರ್ಮದ ಪಟ್ಟಿ, ಹೋಗಿ ಬಂದು ಮೂವತ್ತು ಸಲ. ಕೊನೆಗೆ ಮೊಳಕೈಗೆ ತಾಗಿಸಿದರೆ ಕೂದಲು ಉದುರಿದ ಸದ್ದೂ ಇಲ್ಲ. ನನ್ನ ಬೆರಳುಗಳನ್ನು ಹಿಡಿಯ ಮೇಲೆ ಒಂದೊಂದಾಗಿ ಜೋಡಿಸಿ, ಕೆನ್ನೆಗೆ ಮೂವತ್ತು ಡಿಗ್ರಿಯಷ್ಟು ವಾಲಿಸಿ ತೋರಿಸಿದರು. ‘ಕತ್ತಿಗೆ ಅದರ ಭಾರವೇ ಸಾಕು ಸಾರ್. ನಿಮ್ಮದೂ ಸೇರಿಸ್ಬೇಡಿ.’

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಾಲ ವಸೂಲಿ ಮಾಡಿದ ಕೈ ನನ್ನದು. ಒತ್ತದೆ ಏನಾದರೂ ಬರುತ್ತದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಈಗ ವಾರಕ್ಕೊಂದು ದಿನ ಮಾತ್ರ ಕತ್ತಿ, ಮಿಕ್ಕ ದಿನ ಅಂಗಡಿ ಅಥವಾ ಹಳೆಯ ರೇಜರು. ಆ ಒಂದು ದಿನ ಮಂಗಳವಾರ. ಅಂದು ಊರಿನ ಕ್ಷೌರದಂಗಡಿಗಳಿಗೆಲ್ಲ ರಜೆ. ಎಡವಟ್ಟಾದರೂ ಯಜಮಾನರ ಕಣ್ಣಿಗೆ ಬೀಳುವ ಹೊತ್ತಿಗೆ ಒಂದು ರಾತ್ರಿ ಕಳೆದಿರುತ್ತದೆ. ಜೊತೆಗೆ ನಮ್ಮ ಬೀದಿಗೆ ಕಾವೇರಿ ಬರುವ ದಿನವೂ ಅದೇ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಬಂದ ನೀರು ನನ್ನ ಕೆನ್ನೆಯ ಮೇಲೆ ಬೆಣ್ಣೆಯಂಥ ನೊರೆಯಾಗುತ್ತದೆ. ಎಂಜಿನಿಯರ್ ಸ್ನೇಹಿತರಿಗೆ ಇದನ್ನು ಹೇಳಿಲ್ಲ.

ಮಂಗಳವಾರ ಕ್ಷೌರ ಕೂಡದು ಎಂಬುದು ಮನೆಯ ಹೆಂಗಸರ ಶಾಸ್ತ್ರ. ಹೆಂಡತಿ ಜಗಳವಾಡಲಿಲ್ಲ. ಮೊನ್ನೆ ಬಚ್ಚಲಿನ ಬಾಗಿಲಲ್ಲಿ ನಿಂತು, ನನ್ನ ಕೊರಳ ಮೇಲೆ ಕತ್ತಿ ಇಳಿಯುವುದನ್ನು ನೋಡಿ ಚೀಲ ಹೆಗಲಿಗೇರಿಸಿದಳು. ‘ಹೋಗ್ಬರ್ತೀನಿ ಕಣ್ರೀ. ಒಂದು ನಿಂಬೆಹಣ್ಣು ಜಾಸ್ತಿ ತಗೊಂಡಿದೀನಿ.’